ಜಾರುಗಂಟು

ಮಧ್ಯಾಹ್ನದ ಈ ಹೊತ್ತಿನಲ್ಲಿ ಬೀದಿ ಇಷ್ಟು ಖಾಲಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕೆಲಸದ ದಿನ ಇಂಥ ಹೊತ್ತಿನಲ್ಲಿ ಹೊರಗೆ ನಡೆದವನೇ ಅಲ್ಲ. ಔಷಧಿ ಅಂಗಡಿಯವನು ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದ. ಮಹಡಿಯ ಮೇಲೊಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಚಾದರದ ಒಂದು ತುದಿ ಗಾಳಿಗೆ ಮಡಚಿಕೊಂಡಿತ್ತು, ಅದನ್ನು ನೋಡಿದೊಡನೆ ಕೈ ಚಾಚಿ ಸರಿಮಾಡಬೇಕೆನಿಸಿತು. ತಾನು ಕೆಲಸ ಕಳೆದುಕೊಂಡವನ ಹಾಗೆ ಕಾಣುತ್ತಿದ್ದೇನೆಯೇ ಎಂಬ ಅನುಮಾನ ಹತ್ತಿ, ಎಲ್ಲಿಗೋ ಅರ್ಜೆಂಟಾಗಿ ಹೋಗುವವನಂತೆ ಹೆಜ್ಜೆ ಚುರುಕು ಮಾಡಿದ. ಆಮೇಲೆ, ನೋಡುವವರಾದರೂ ಯಾರಿದ್ದಾರೆ ಎಂದುಕೊಂಡು ನಿಧಾನ ಮಾಡಿದ. ಅವನನ್ನು ಬಹುಕಾಲ ಕಾಡಲಿದ್ದದ್ದು ಕೆಲಸ ಹೋದದ್ದಲ್ಲ, ಹೋಗು ಅಂದಾಗ ತಾನು ಎದ್ದು ನಿಂತು 'ಥ್ಯಾಂಕ್ಸ್ ಸಾರ್' ಅಂದದ್ದು. ಅಭ್ಯಾಸಬಲದಿಂದ ಬಂದ ಮಾತು. ಮ್ಯಾನೇಜರನಿಗೂ ಅದನ್ನು ಕೇಳಿ ಕಸಿವಿಸಿಯಾಗಿ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದ್ದ. ಆ ಲೋಟದ ನೀರನ್ನು ಸ್ವಲ್ಪ ಹೊತ್ತಿನ ಮುಂಚೆ ಇವನೇ ಕುಡಿದಿದ್ದ, ತನ್ನ ಮಾತು ಹೇಳುವ ನಡುವೆ.

ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಯಾರಿಗೂ ಪಾಠ ಹೇಳಿದವನಲ್ಲ. ಆಸ್ಪತ್ರೆಗಳ ಚಾದರ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಅಂಗಿ ಒಗೆದು ಕಳಿಸುವ ಆ ದೊಡ್ಡ ಶೆಡ್ಡಿನಲ್ಲಿ ಇಸ್ತ್ರಿ ವಿಭಾಗದ ಹಳಬ, ಅಷ್ಟೆ. ಟೀ ಬಿಡುವಿನಲ್ಲಿ 'ಮನುಷ್ಯ ಅಂದಮೇಲೆ ಇನ್ನೊಬ್ಬರಿಗೆ ಆಗಬೇಕು' ಎಂದು ಅವನು ಶುರುಮಾಡಿದರೆ, ಮಡಚುವ ವಿಭಾಗದ, ಎಲ್ಲರೂ ಗಟ್ಟಿಬಾಯಿ ಅನ್ನುವ ಹೆಂಗಸು 'ಬೆಲ್ ಹೊಡೀತು, ಎಲ್ಲಾ ಕೂತ್ಕೊಳ್ಳಿ, ಮೇಷ್ಟ್ರು ಬಂದ್ರು' ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಆ ಹೆಸರು ಅವನಿಗೆ ಹಿಡಿಸಿತ್ತು. ಅದರಲ್ಲಿ ಅರ್ಧ ಗೇಲಿ ಇದ್ದರೆ ಇನ್ನರ್ಧ ಗೌರವವೂ ಇದೆ ಎಂದು ನಂಬಿಕೊಂಡಿದ್ದ. ಇವತ್ತು ಬೆಳಿಗ್ಗೆ ವಿಚಾರಣೆಯ ಕೋಣೆಯಲ್ಲಿ ಅದೇ ಗಟ್ಟಿಬಾಯಿ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ, 'ನಾನು ಮಡಚೋಳು ಸಾರ್. ಉರುಳೆ ಕಡೆ ತಲೆ ಕೂಡ ಹಾಕಲ್ಲ. ಅದೇನಿದ್ರೂ ಮೇಷ್ಟ್ರುನ್ನೇ ಕೇಳಿ' ಅಂದಿದ್ದಳು. ಆಗಲೂ ಮೇಷ್ಟ್ರು ಅಂತಲೇ ಅಂದಳು.

ಉರುಳೆಯೆಂದರೆ ಆಳೆತ್ತರದ ಬಿಸಿ ಸಿಲಿಂಡರು. ಒದ್ದೆ ಚಾದರದ ಅಂಚನ್ನು ಅದರ ಬಾಯಿಗೆ ಕೊಟ್ಟರೆ ಎಳೆದುಕೊಂಡು, ಆ ಕಡೆಗೆ ಒಣಗಿಸಿ ಇಸ್ತ್ರಿ ಮಾಡಿ ಉಗುಳುತ್ತದೆ. ಬಾಯಿಯ ಮುಂದೆ ಒಂದು ತಡೆಪಟ್ಟಿ. ಬೆರಳು ತಾಗಿದರೆ ಸಾಕು, ಉರುಳೆ ನಿಲ್ಲುತ್ತದೆ. ಆದರೆ ಅದಕ್ಕೆ ಬೆರಳೂ ಒಂದೇ, ಚಾದರದ ಸುಕ್ಕೂ ಒಂದೇ. ಸುಕ್ಕು ತಾಗಿದಾಗಲೆಲ್ಲ ನಿಂತು, ಮತ್ತೆ ಬಿಸಿಯೇರಿಸಿ, ಮತ್ತೆ ಶುರುಮಾಡಿ, ಸಂಜೆಯ ವ್ಯಾನಿಗೆ ಅರ್ಧ ಬಟ್ಟೆಯೂ ತಯಾರಾಗುತ್ತಿರಲಿಲ್ಲ. ಆದ್ದರಿಂದ ಪಟ್ಟಿಯನ್ನು ಹರಿದ ಚಾದರದ ಚೂರಿನಿಂದ ಮೇಲಕ್ಕೆ ಎತ್ತಿ ಕಟ್ಟುವುದು ಶೆಡ್ಡಿನ ಪದ್ಧತಿ. ಬೆಳಿಗ್ಗೆ ಮೊದಲು ಬಂದವರು ಕಟ್ಟಬೇಕು, ತಪಾಸಣೆಯವರು ಬಂದರೆ ಹತ್ತಿರವಿದ್ದವರು ಬಿಚ್ಚಬೇಕು. ಮೊದಮೊದಲು ಬಿಚ್ಚಲು ಬಾರದೆ ಪೇಚಾಡುತ್ತಿದ್ದರು. ಜಾರುಗಂಟು ಹಾಕುವುದನ್ನು ತೋರಿಸಿಕೊಟ್ಟವನು ಅವನ ಹೆಂಡತಿಯ ತಮ್ಮ. ಬಾಲ ಹಿಡಿದು ಒಂದು ಸಲ ಎಳೆದರೆ ಸಾಕು, ಗಂಟಿತ್ತೆಂಬುದೇ ಸುಳ್ಳು. ಅವತ್ತು ಎಲ್ಲರೂ ಅವನ ಬೆನ್ನು ತಟ್ಟಿದ್ದರು. ಮ್ಯಾನೇಜರನೇ ನಿಂತು ನೋಡಿ, 'ಭಾವಮೈದುನ ನಿಮ್ಮನ್ನ ಮೀರಿಸ್ತಾನೆ ಮೇಷ್ಟ್ರೇ' ಅಂದಿದ್ದ. ಕೆಲಸ ಕೊಡಿಸಿದವನು ತಾನೆಂಬ ಹೆಮ್ಮೆ ಅವನಿಗೆ. ಪಟ್ಟಿ ಕಟ್ಟಿದ್ದ ಒಂದು ದಿನ ಆ ಉರುಳೆಯೇ ಭಾವಮೈದುನನ ಬಲಗೈಯ ಬೆರಳುಗಳನ್ನು ಒಳಗೆಳೆದುಕೊಂಡಿತು. ಹೆಬ್ಬೆರಳೊಂದು ಉಳಿಯಿತು. ಕೆಂಪು ಗುಂಡಿ ಒತ್ತಿ ಉರುಳೆ ನಿಲ್ಲಿಸಿದವನು ಮೇಷ್ಟ್ರೆನಿಸಿಕೊಂಡ ಅವನೇ. ಆಗಷ್ಟೇ ಹೊರಬಂದ ಬೆಚ್ಚನೆಯ ಬಿಳಿ ಚಾದರದಲ್ಲಿ ಆ ಕೈಯನ್ನು ಸುತ್ತಿ, ವ್ಯಾನಿನಲ್ಲಿ ಆಸ್ಪತ್ರೆಯವರೆಗೂ ಮೇಲೆತ್ತಿ ಹಿಡಿದವನು ಅವನು. ಆ ಚಾದರದ ಬಿಸುಪು ಈಗಲೂ ಒಮ್ಮೊಮ್ಮೆ ಅಂಗೈಗೆ ಬರುತ್ತದೆ.

ಶೆಡ್ಡಿನವರೆಲ್ಲರ ನಡುವೆ ಮಾತಾಗಿತ್ತು. ಕಂಪನಿಯವರು 'ಪಟ್ಟಿ ಕಟ್ಟಿದ್ದು ಅವನೇ, ಅವನ ತಪ್ಪಿಗೆ ಅವನೇ ಹೊಣೆ' ಅಂದುಬಿಟ್ಟರೆ ಭಾವಮೈದುನನಿಗೆ ಕೈಯೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೇ ಎಲ್ಲರೂ ಒಬ್ಬೊಬ್ಬರಾಗಿ ಒಳಗೆ ಹೋಗಿ ಒಂದೇ ಮಾತು ಹೇಳುವುದು: ನಾವೆಲ್ಲ ಕಟ್ಟುತ್ತೇವೆ, ದಿನಾ ಕಟ್ಟುತ್ತೇವೆ, ಮ್ಯಾನೇಜರಿಗೂ ಗೊತ್ತು. ನಿಜವೂ ಅದೇ. ಮೊದಲು ಹೋಗುವವನು ತಾನೆಂದು ಅವನೇ ಮುಂದೆ ಬಂದಿದ್ದ. ಬೆಳಿಗ್ಗೆ ಗಡ್ಡ ಕೆರೆಯುತ್ತಾ ಕನ್ನಡಿಯ ಮುಂದೆ ಆ ಮಾತನ್ನು ಹೇಳಿ ನೋಡಿಕೊಂಡಿದ್ದ. ನೊರೆ ತುಂಬಿದ ಮುಖದಲ್ಲೂ ಅದು ಚೆನ್ನಾಗಿಯೇ ಕೇಳಿಸಿತ್ತು. ಈಗ ನಡೆಯುತ್ತಾ, ಆ ಸಣ್ಣ ಸಂತೋಷ ನೆನಪಾಗಿ ಕಿವಿ ಬಿಸಿಯಾಯಿತು. ತಾನು ಹೋದದ್ದು ಭಾವಮೈದುನನಿಗಾಗಿಯೋ, ಆ ಮಾತಿಗಾಗಿಯೋ? ಅವನು ಮಾತು ಮುಗಿಸಿದ ಮೇಲೆ ವಿಚಾರಣೆಯವರು ಅವನನ್ನು ಅಲ್ಲೇ ಕೂರಿಸಿಕೊಂಡು ಉಳಿದವರನ್ನು ಕರೆದರು. ಬಂದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದರು. ಕೊನೆಗೆ ಭಾವಮೈದುನ ಬಂದ. ಬಿಳಿ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ನೆಲ ನೋಡುತ್ತಾ, 'ಅವತ್ತು ಭಾವ ಕಟ್ಟಿದ್ರು ಸಾರ್. ಬೇಡ ಅಂದೆ. ಕೇಳಲಿಲ್ಲ' ಅಂದ.

ಬೇಡ ಅಂದೆ. ಸುಳ್ಳು ಹೇಳುವುದಿದ್ದರೆ ಅಷ್ಟಕ್ಕೇ ನಿಲ್ಲಿಸಬಹುದಿತ್ತು, 'ಬೇಡ ಅಂದೆ' ಯಾಕೆ ಬೇಕಿತ್ತು? ಸುಳ್ಳಿಗೆ ಅಂಚು ಹೊಲಿದು ಕೊಟ್ಟಿದ್ದನಲ್ಲ! ಚಿಕ್ಕಂದಿನಲ್ಲಿ ಈಜು ಕಲಿಸುವಾಗ ಅಪ್ಪ ಹೇಳುತ್ತಿದ್ದರು: ಮುಳುಗೋನನ್ನ ಯಾವತ್ತೂ ಎದುರಿನಿಂದ ಹಿಡೀಬೇಡ, ತಬ್ಕೊಂಡು ನಿನ್ನನ್ನೂ ಮುಳುಗಿಸ್ತಾನೆ, ಹಿಂದಿನಿಂದ ಹೋಗಿ ಕೂದಲು ಹಿಡಿ. ಅಪ್ಪ ಇನ್ನೂ ಒಂದು ಹೇಳುತ್ತಿದ್ದರು, ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ. ಹಾಗೆ ಹೇಳುತ್ತಲೇ ಬೀದಿಯ ಯಾರ ಮನೆಯಲ್ಲಿ ಕಾಯಿಲೆಯಾದರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡುತ್ತಿದ್ದರು. ಅವನು ಕಲಿತದ್ದು ಅಪ್ಪನ ಗಾದೆಯನ್ನಲ್ಲ, ಓಟವನ್ನು. ಕೇಳಿದ್ದನ್ನು ಕಲಿತಿದ್ದರೆ ಇವತ್ತು ಈ ಹೊತ್ತಿನಲ್ಲಿ ಈ ಬೀದಿಯಲ್ಲಿ ಇರುತ್ತಿರಲಿಲ್ಲ.

ಮನೆಗೆ ನೇರ ಹೋಗಲು ಮನಸ್ಸಾಗದೆ ಪಾರ್ಕಿನ ಬೆಂಚಿನ ಮೇಲೆ ಕೂತ. ಬೆಂಚು ಸುಡುತ್ತಿತ್ತು. ಹೆಂಡತಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸತೊಡಗಿದ. ನಿನ್ನ ತಮ್ಮ ಹೀಗೆ ಮಾಡಿದ ಅಂದರೆ ಅವಳು ಕುಸಿದುಹೋಗುತ್ತಾಳೆ. ಅವನಿಗೂ ಕಷ್ಟ ಇತ್ತು ಬಿಡು ಎಂದು ತಾನೇ ಸಮಾಧಾನ ಹೇಳಬೇಕಾಗುತ್ತದೆ. ಹೇಳುತ್ತೇನೆ ಎಂದುಕೊಂಡ. ಆ ಮಾತು ಹೇಳುವ ತನ್ನ ದನಿಯನ್ನು ಕಲ್ಪಿಸಿಕೊಂಡಾಗ ಎದೆಯ ಭಾರ ಒಂದು ಕೂದಲೆಳೆಯಷ್ಟು ಇಳಿಯಿತು. ನೆರಳು ಉದ್ದವಾದ ಮೇಲೆ ಎದ್ದು ಹೋದ. ಮನೆಯ ಬಾಗಿಲ ಹೊರಗೆ, ತನ್ನ ಹಳೆಯ ಚಪ್ಪಲಿ ಇರುವ ಜಾಗದಲ್ಲಿ ಒಂದು ಜೊತೆ ಹೊಸ ಕರಿ ಬೂಟು ಇತ್ತು. ಲಾಂಡ್ರಿಯ ಗೇಟಿನ ಕಾವಲುಗಾರರಿಗೆ ಕಂಪನಿ ಕೊಡುವಂಥದ್ದು. ಲೇಸು ಇನ್ನೂ ಕೊಳೆಯಾಗಿರಲಿಲ್ಲ.

ಒಳಗೆ ಭಾವಮೈದುನ ಊಟಕ್ಕೆ ಕೂತಿದ್ದ, ಎಡಗೈಯಲ್ಲಿ ಚಮಚ ಹಿಡಿದು. ಅವನನ್ನು ನೋಡಿ ಚಮಚ ಕೆಳಗಿಟ್ಟ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೆ, ಪಾರ್ಕಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ವ್ಯರ್ಥವೆಂದು ಅವನಿಗೆ ತಿಳಿದುಹೋಯಿತು.

'ಗೊತ್ತಿತ್ತಾ ನಿನಗೆ?'

'ನಾನೇ ಹೇಳಿದ್ದು' ಅಂದಳು ಅವಳು. ದನಿ ನಡುಗಲಿಲ್ಲ. 'ಮೊನ್ನೆ ಮ್ಯಾನೇಜರ್ ಅವನನ್ನ ಕರೆಸಿದ್ರಂತೆ. ಯಾರಾದ್ರೂ ಒಬ್ಬರ ಹೆಸರು ಬೇಕು, ಹೇಳಿದ್ರೆ ಗೇಟಲ್ಲಿ ಕೆಲಸ ಕೊಡ್ತೀವಿ ಅಂದ್ರಂತೆ. ಇಲ್ಲಿ ಬಂದು ಅತ್ತ. ನಿಮ್ಮ ಹೆಸರು ಹೇಳು ಅಂದೆ. ಬೇರೆ ಯಾರದು ಹೇಳೋದು? ಅವರಿಗೂ ಹೆಂಡ್ತಿ ಮಕ್ಕಳಿಲ್ವಾ?'

'ನನಗೆ?'

'ನಿಮಗೆ ಎರಡು ಕೈ ಇದೆ.'

ನಲ್ಲಿಯ ಕೆಳಗಿಟ್ಟ ಪಾತ್ರೆ ತುಂಬಿ ಹೊರಗೆ ಹರಿಯುವ ಸದ್ದು ಕೇಳಿಸುತ್ತಿತ್ತು. ಯಾರೂ ಹೋಗಿ ನಿಲ್ಲಿಸಲಿಲ್ಲ. 'ನನ್ನನ್ನ ಒಂದು ಮಾತು ಕೇಳಬಹುದಿತ್ತು' ಅಂದ ಅವನು. ಗಟ್ಟಿಯಾಗಿ ಹೇಳಬೇಕೆಂದಿದ್ದ, ಬೇಡುವವನ ದನಿಯಲ್ಲಿ ಬಂತು.

'ಕೇಳಿದ್ರೆ ಏನಂತಿದ್ರಿ?'

ಕೊಡುತ್ತಿದ್ದೆ ಎನ್ನಲು ಬಾಯಿ ತೆರೆದ. ನನ್ನ ಹೆಸರೇ ಹೇಳು, ನಾನು ಹೇಗೋ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದೆ. ಎನ್ನುತ್ತಿದ್ದೆನೆ? ನಿಜವನ್ನು ನಿಜವಾಗಿ ಹೇಳೋಣ, ನ್ಯಾಯ ಒಂದು ಇದೆ ಎಂದು ಪಾಠ ಶುರುಮಾಡುತ್ತಿದ್ದೆನೆ? ಗೊತ್ತಾಗಲಿಲ್ಲ. ಇವರು ತನ್ನ ಕೆಲಸ ಕಿತ್ತುಕೊಂಡಿರಲಿಲ್ಲ, ತಾನು ಏನು ಅನ್ನುತ್ತಿದ್ದೆ ಎಂಬುದನ್ನೇ ಕಿತ್ತುಕೊಂಡಿದ್ದರು. ಇನ್ನು ಯಾವ ಜನ್ಮಕ್ಕೂ ಅದು ತಿಳಿಯುವಂತಿಲ್ಲ. ಮನೆಯೊಳಗೇ, ತನ್ನ ತಟ್ಟೆಯಲ್ಲೇ ಉಣ್ಣುವವರು ಮೋಸ ಮಾಡಿದರು ಎಂದು ಅವನ ಮನಸ್ಸು ಕಿರುಚುತ್ತಿತ್ತು. ಬಾಯಿ ಮಾತ್ರ 'ಹ್ಞೂಂ' ಅಂದಿತು. 'ಇನ್ನೊಬ್ಬರಿಗೆ ಆಗಬೇಕು ಅಂತ ನೀವೇ ಹೇಳ್ತಿದ್ರಲ್ಲ, ಇದು ಆಗಿದ್ದಲ್ವಾ?' ಎಂದು ಅವಳು ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಒಂದು ಜಗಳವನ್ನಾದರೂ ಮಾಡಬಹುದಿತ್ತು. ಅವಳು ಒಳಗೆ ಹೋಗಿ ನಲ್ಲಿ ನಿಲ್ಲಿಸಿ ಪಾತ್ರೆ ತಿಕ್ಕತೊಡಗಿದಳು. ಅವಳು ಅಳುತ್ತಿದ್ದಾಳೆಂದು ಪಾತ್ರೆಗಳ ಸದ್ದಿನಿಂದ ಗೊತ್ತಾಗುತ್ತಿತ್ತು.

ಭಾವಮೈದುನ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ಹೊಸಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಬೂಟಿನೊಳಗೆ ಕಾಲು ತೂರಿಸಿದ. ಎಡಗೈಯಿಂದ ಲೇಸಿನ ಎರಡು ತುದಿ ಹಿಡಿದು, ಬಲಗೈಯ ಹೆಬ್ಬೆರಳನ್ನು ಒತ್ತಿ ಏನೋ ಪ್ರಯತ್ನ ಪಟ್ಟ. ತುದಿ ಜಾರಿತು. ಮತ್ತೆ ಹಿಡಿದ. ಅಕ್ಕನ ಕಡೆ ಒಮ್ಮೆ ನೋಡಿದ, ಅವಳು ಬೆನ್ನು ಮಾಡಿದ್ದಳು. ಇತ್ತ ಅವನು ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡಿದ, ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಆಮೇಲೆ ಮೆಟ್ಟಿಲಿಳಿದು ಕುಕ್ಕರುಗಾಲಲ್ಲಿ ಕೂತು ಬಲಗಾಲಿನ ಲೇಸು ಕಟ್ಟಿದ. ಸರಿಯಾಗಿಯೇ ಕಟ್ಟಿದ. ಎಡಗಾಲಿನದು ಶುರುಮಾಡುವಾಗ ಭಾವಮೈದುನ ತಲೆಯೆತ್ತಿ ಒಳಗೆ ಕೂಗಿದ: 'ಅಕ್ಕಾ, ನಾಳೆಯಿಂದ ಊಟಕ್ಕೆ ಕಾಯಬೇಡ. ಕಂಪನೀಲೇ ಊಟ ಕೊಡ್ತಾರೆ.' ಅದರಲ್ಲಿ ಒಂದು ಚೂರು ಜಂಭವಿತ್ತು, ಕೆಲಸ ಸಿಕ್ಕವನ ಜಂಭ. ಲೇಸು ಹಿಡಿದಿದ್ದ ಅವನ ಬೆರಳುಗಳು ಬಿಗಿದುಕೊಂಡವು. ಒಂದರ ಮೇಲೊಂದು ಗಂಟು ಹಾಕಿ, ತುದಿಗಳನ್ನು ಒಳಗೆ ತುರುಕಿ, ಮೂಳೆಗೆ ತಾಗುವಂತೆ ಎಳೆದ. ಒಂಟಿ ಕೈಯವನು ಈ ಗಂಟನ್ನು ಬಿಚ್ಚಲಾರ. ಬರಲಿ. ಬಂದು ಕೇಳಲಿ. ಒಂದು ಸಲವಾದರೂ ಕೇಳಲಿ. 'ಬಿಗಿಯಾಯ್ತು ಭಾವ' ಅಂದ ಭಾವಮೈದುನ, ಕಾಲು ನೋಡಿಕೊಳ್ಳದೆ. 'ನಡೆದ್ರೆ ಸಡಿಲ ಆಗತ್ತೆ' ಅಂದ ಅವನು. ಭಾವಮೈದುನನ ಬಾಡಿಗೆ ಕೋಣೆಯ ದಾರಿ ಹಿಡಿದ ಆ ಬೂಟುಗಳ ಸದ್ದು ತಿರುವಿನವರೆಗೂ ಕೇಳಿಸಿತು.

ಬೆಳಿಗ್ಗೆಯವರೆಗೆ ಯಾರೂ ಬಾಗಿಲು ತಟ್ಟಲಿಲ್ಲ. ಯೂನಿಫಾರ್ಮನ್ನೂ ಪೆಟ್ಟಿಗೆಯ ಬೀಗದ ಕೈಯನ್ನೂ ಒಪ್ಪಿಸಲು ಅವನು ಲಾಂಡ್ರಿಗೆ ಹೋದಾಗ ಪಾಳಿಯ ಜನ ಒಳಗೆ ಹೋಗುತ್ತಿದ್ದರು. ಗೇಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಭಾವಮೈದುನ ಕೂತಿದ್ದ. ನೀಲಿ ಅಂಗಿ ಹೊಸದು, ಪ್ಯಾಂಟು ನಿನ್ನೆಯದೇ, ಎಡಗಾಲಿನ ಕಡೆ ಸುಕ್ಕಾಗಿ ನೆರಿಗೆ ಬಿದ್ದಿತ್ತು. ಅವನನ್ನು ನೋಡಿ ಆ ಕಾಲನ್ನು ಮುಂದೆ ಚಾಚಿದ.

'ಒಂದು ಕಾಲಿಗೆ ಬೂಟು ಹಾಕ್ಕೊಂಡೇ ಮಲ್ಕೊಂಡೆ ಭಾವ. ಕತ್ತರಿಸೋಕೆ ಮನಸ್ಸು ಬರಲಿಲ್ಲ, ಹೊಸ ಲೇಸು. ಪಾದ ಜೋಮು ಹಿಡಿದಿದೆ.'

ಅವನು ಚೀಲ ಕೆಳಗಿಟ್ಟು ಮಂಡಿಯೂರಿದ. ಗಂಟು ಕಲ್ಲಾಗಿತ್ತು, ರಾತ್ರಿಯಿಡೀ ಎಡಗೈ ಅದರೊಡನೆ ಗುದ್ದಾಡಿದ ಗುರುತಾಗಿ ಲೇಸಿನ ನೂಲು ಅಲ್ಲಲ್ಲಿ ಎದ್ದಿತ್ತು. ಉಗುರು ಹಾಕಿದ, ಹಿಡಿತಕ್ಕೆ ಬರಲಿಲ್ಲ. ಸುತ್ತ ಕಾಲುಗಳು ಸಾಗುತ್ತಿದ್ದವು, ಎಲ್ಲವೂ ಗುರುತಿನ ಕಾಲುಗಳೇ. ಹತ್ತಿರ ಬಂದಾಗ ನಿಧಾನವಾಗಿ, ದಾಟಿದ ಮೇಲೆ ಬೇಗ ಬೇಗ. ಒಂದು ಜೊತೆ ಚಪ್ಪಲಿ ನಿಂತಿತು. 'ಕತ್ತರಿ ತಂದ್ಕೊಡ್ಲಾ ಮೇಷ್ಟ್ರೇ? ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ಯಾಕೆ ಅಂತ ಬೈಬೇಡಿ' ಅಂದಳು ಗಟ್ಟಿಬಾಯಿ. ತಮಾಷೆ ಮಾಡಲು ನೋಡಿದಳು, ದನಿ ಕೈಕೊಟ್ಟಿತು. ಬೇಡ ಎಂದು ತಲೆ ಅಲ್ಲಾಡಿಸಿದ, ಮೇಲೆ ನೋಡಲಿಲ್ಲ. ಚಪ್ಪಲಿಗಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದವು.

'ಬೇಕಂತ್ಲೇ ಹಾಕಿದ್ದು ಅಲ್ವಾ?' ಭಾವಮೈದುನನ ದನಿ ಅವನ ತಲೆಯ ಮೇಲಿನಿಂದ ಬಂತು, ತಣ್ಣಗೆ. 'ರಾತ್ರಿ ಗೊತ್ತಾಯ್ತು. ಬಂದು ಬಾಗಿಲು ತಟ್ಟೋಣ ಅಂತ ತಿರುವಿನವರೆಗೂ ಬಂದೆ. ಬೇಡ ಅನ್ನಿಸ್ತು.'

'ಕೇಳಬಹುದಿತ್ತು' ಅಂದ ಅವನು ಬೂಟಿಗೆ. 'ಇದನ್ನೂ ಕೇಳಬಹುದಿತ್ತು, ಅದನ್ನೂ ಕೇಳಬಹುದಿತ್ತು.'

'ಕೇಳಿದ್ರೆ ಕೊಡೋರೇ ನೀವು. ಅದಕ್ಕೇ ಕೇಳಲಿಲ್ಲ. ಆಸ್ಪತ್ರೇಲಿ ನಂಗೆ ಸ್ನಾನ ಮಾಡಿಸಿದ್ರಿ. ಮಗು ಥರ ಅಳ್ತಿದ್ದ, ನಾನೇ ಮೈ ತೊಳೆದೆ ಅಂತ ಇಲ್ಲಿ ಎಲ್ಲಾರಿಗೂ ಗೊತ್ತು ಭಾವ. ನಾನಂತೂ ಯಾರಿಗೂ ಹೇಳಿಲ್ಲ. ಕೆಲಸ ಕೊಡಿಸಿದ್ದು ನೀವು, ಕೈ ಹಿಡಿದಿದ್ದು ನೀವು. ಇದನ್ನೂ ನೀವೇ ಕೊಟ್ಟಿದ್ರೆ ನಾನು ಸಾಯೋವರೆಗೂ ತಲೆ ಎತ್ತೋ ಹಾಗಿರಲಿಲ್ಲ. ಕಿತ್ಕೊಂಡೆ. ನೀವು ಬೈಯಬಹುದು ಈಗ. ಬೈದ್ರೆ ನಂಗೆ ಹಗುರ ಆಗತ್ತೆ.'

ಟೀ ಲೋಟದ ಸುತ್ತ ಮುಖಗಳು, ತಾನು ಕೈ ಬೀಸಿ ಬೀಸಿ ಹೇಳುತ್ತಿದ್ದುದು, ನೀರು ಎಷ್ಟು ಬೆಚ್ಚಗಿರಬೇಕೆಂದು ವಿವರಿಸಿದ್ದು, ಹಿಂದೆ ಯಾರೋ 'ಪುಣ್ಯಾತ್ಮರು ಕಣ್ರೀ' ಅಂದದ್ದು, ಎಲ್ಲವೂ ಒಮ್ಮೆಗೇ ನೆನಪಾಗಿ, ಬೈಯಲು ಕೂಡಿಟ್ಟ ಮಾತುಗಳು ಬಾಯಲ್ಲೇ ಉಳಿದವು. ಆದರೂ ಸಿಟ್ಟು ಹೋಗಲಿಲ್ಲ. ಇವನು ಮಾಡಿದ್ದು ಮೋಸವೇ, ಯಾವ ಕಾರಣ ಕೊಟ್ಟರೂ ಮೋಸವೇ. ಅವನು ತಲೆ ಬಗ್ಗಿಸಿ ಗಂಟಿಗೆ ಹಲ್ಲು ಹಾಕಿದ. ಹೊಸ ಚರ್ಮದ, ಪಾಲಿಶಿನ ಕಹಿ ನಾಲಿಗೆಗೆ ತಾಗಿತು. ಒಂದು ಎಳೆ ಸಡಿಲಾಯಿತು, ಆಮೇಲೆ ಇನ್ನೊಂದು. ಬೂಟು ಕಳಚಿ ಊದಿದ ಪಾದವನ್ನು ಅಂಗೈಯಲ್ಲಿ ಉಜ್ಜಿದ, ಬೂಟನ್ನು ಮತ್ತೆ ಹಾಕಿ ಕಟ್ಟಿದ. ಈ ಸಲ ಜಾರುಗಂಟು. ಬಾಲವನ್ನು ಎಡಗೈಗೆ ಸಿಗುವಂತೆ ಉದ್ದ ಬಿಟ್ಟ. ಭಾವಮೈದುನ ಅದನ್ನು ನೋಡಿ ಮುಖ ಆಚೆ ತಿರುಗಿಸಿದ.

ಒಳಗೆ ಆಫೀಸಿನಲ್ಲಿ ಎಲ್ಲ ಒಪ್ಪಿಸಿ ಬರುವುದು ಬೇಗ ಮುಗಿಯಿತು. ಯಾರೂ ಕೂತುಕೊಳ್ಳಿ ಅನ್ನಲಿಲ್ಲ. ವಾಪಸ್ಸು ಬಂದಾಗ ಭಾವಮೈದುನ ಗೇಟಿನಲ್ಲಿ ನೆಟ್ಟಗೆ ನಿಂತಿದ್ದ. 'ಚೀಲ ತೋರಿಸ್ಬೇಕು ಭಾವ. ರೂಲು.' ಅವನು ಚೀಲದ ಬಾಯಿ ಅಗಲಿಸಿ ಹಿಡಿದ. ಊಟದ ಡಬ್ಬಿ, ಬಾಚಣಿಗೆ, ಹಳೆಯ ಒಂದು ಟವೆಲು. ಎಡಗೈ ಒಳಗೆ ಬಂದು, ಟವೆಲನ್ನು ಎತ್ತಿ ನೋಡಿ, ಮಡಚಿ ಇಡಲು ಹೋಗಿ ಬಾರದೆ ಹಾಗೇ ಇಟ್ಟು ಹೊರಹೋಯಿತು. ಅವನು ಹೊರಗೆ ಬಂದ. ಹಿಂದೆ ಗೇಟು ಮುಚ್ಚಿ ಅಗುಳಿ ಬಿತ್ತು.

ಬೀದಿ ದಾಟಬೇಕೆಂದು ಒಂದು ಹೆಜ್ಜೆ ಇಟ್ಟವನು ನಿಂತ. ಒಳಗೆ ಉರುಳೆ ಶುರುವಾಗಿತ್ತು. ಬೆಳಗಿನ ಮೊದಲ ಚಾದರಗಳು ತುಂಬ ಸುಕ್ಕಾಗಿರುತ್ತವೆ. ತಡೆಪಟ್ಟಿ ಕೆಳಗಿದ್ದರೆ ನಿಲ್ಲಬೇಕು, ಮತ್ತೆ ಶುರುವಾಗಬೇಕು, ಮತ್ತೆ ನಿಲ್ಲಬೇಕು. ಅವನು ಕಾದ. ಉರುಳೆ ನಿಲ್ಲಲಿಲ್ಲ. ಒಂದೇ ಸಮನೆ, ನುಣ್ಣಗೆ ತಿರುಗುತ್ತಿತ್ತು. ತಿರುಗಿ ನೋಡಿದ. ಗೇಟಿನ ಸರಳುಗಳ ಹಿಂದೆ ಭಾವಮೈದುನನೂ ಶೆಡ್ಡಿನ ಕಡೆಗೆ ಕಿವಿಯಿಟ್ಟು ನಿಂತಿದ್ದ. ಅವನ ಬಲಗೈ ತಾನಾಗಿಯೇ ಎದೆಗೆ ಹೋಗಿತ್ತು.

'ಅಲ್ಲಿ ಯಾರನ್ನ ಹಾಕಿದ್ದಾರೆ ಈಗ?'

'ಹೊಸ ಹುಡುಗಿ. ಇವತ್ತೇ ಸೇರಿದ್ದು.'

ಅವನು ಗೇಟಿನ ಹತ್ತಿರ ಬಂದು ಸರಳು ಹಿಡಿದ. ತನಗೇನು, ತಾನಿನ್ನು ಇಲ್ಲಿಯವನಲ್ಲ, ಬಾಯಿಗೆ ಬೀಗ ಹಾಕಿಕೊಂಡವರೆಲ್ಲ ಒಳಗಿದ್ದಾರೆ, ಅವರು ನೋಡಿಕೊಳ್ಳಲಿ ಎಂದು ಮನಸ್ಸು ಹೇಳುತ್ತಲೇ ಇತ್ತು. ಆ ಮಾತು ಸರಿಯಾಗಿಯೂ ಇತ್ತು. ಈ ಸಲ ಹೋಗಿ ಹೇಳಿಕೊಳ್ಳಲು ಟೀ ಬಿಡುವೂ ಇರುವುದಿಲ್ಲ.

'ಗೇಟು ತೆಗಿ' ಅಂದ.

ಭಾವಮೈದುನ ಅವನ ಮುಖ ನೋಡಿದ, ಶೆಡ್ಡಿನ ಕಡೆ ನೋಡಿದ, ತನ್ನ ಬೂಟು ನೋಡಿಕೊಂಡ. ಎಡಗೈ ಅಗುಳಿಯ ಮೇಲೆ ಹೋಗಿ ಕೂತಿತು.

'ಒಳಗೆ ಬಿಡೋ ಹಾಗಿಲ್ಲ ಭಾವ' ಅಂದ. ಕೈಯನ್ನು ಅಲ್ಲಿಂದ ತೆಗೆಯಲಿಲ್ಲ, ಅಗುಳಿಯನ್ನೂ ತೆಗೆಯಲಿಲ್ಲ. ಒಳಗೆ ಉರುಳೆ ತಿರುಗುತ್ತಲೇ ಇತ್ತು.